ನಂಬರ್ ನೋಡಿ ಫೋನ್ ಎತ್ತಿ: ಯಾವ ಕರೆ ಉಚಿತ, ಯಾವುದಕ್ಕೆ ದುಡ್ಡು, ಯಾರಿಗೆ ದೂರು

ಸಾಗರದಲ್ಲಿರುವ ನಮ್ಮ ಚಿಕ್ಕಮ್ಮನ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಅದರ ಅಂಚಿನ ಖಾಲಿ ಜಾಗದಲ್ಲೆಲ್ಲ ಫೋನ್ ನಂಬರುಗಳು. ಹಾಲಿನವರದ್ದು, ಗ್ಯಾಸಿನವರದ್ದು, ಅಡಿಕೆ ಮಂಡಿಯದ್ದು, ಕರೆಂಟ್ ಆಫೀಸಿನದ್ದು. ಕಳೆದ ಮಳೆಗಾಲದಲ್ಲಿ ಅವರ ಮಿಕ್ಸಿ ಕೆಟ್ಟಿತು. ಡಬ್ಬದ ಮೇಲಿದ್ದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ, ಅದೇ ಹಾಡನ್ನು ಮತ್ತೆ ಮತ್ತೆ ಕೇಳುತ್ತಾ ಇಪ್ಪತ್ತೈದು ನಿಮಿಷ ಕಾದರು. ಯಾರೂ ಮಾತಿಗೆ ಬರಲಿಲ್ಲ, ಕರೆ ತಾನಾಗಿಯೇ ಕಟ್ ಆಯಿತು. ನೋಡಿದರೆ ಕೀಪ್ಯಾಡ್ ಫೋನಿನ ಬ್ಯಾಲೆನ್ಸ್‌ನಲ್ಲಿ ಮೂವತ್ತೇಳು ರೂಪಾಯಿ ಖಾಲಿ.

"ಹದಿನೆಂಟು ಅಂತ ಶುರುವಾದ್ರೆ ದುಡ್ಡಿಲ್ಲ ಅಂತ ನೀನೇ ಹೇಳಿದ್ಯಲ್ಲ ಮಾರಾಯಾ?" ಎಂದು ಸಂಜೆ ನನಗೆ ಫೋನ್ ಮಾಡಿ ಕೇಳಿದರು.

ಹೇಳಿದ್ದು ನಿಜ. ಆದರೆ ಪೂರ್ತಿ ಹೇಳಿರಲಿಲ್ಲ. ಉಚಿತ ಇರುವುದು 1800. ಅವರು ಒತ್ತಿದ್ದು 1860. ಒಂದು ಅಂಕಿಯ ವ್ಯತ್ಯಾಸ, ಆದರೆ ದುಡ್ಡು ಕೊಡುವವರೇ ಬೇರೆ. ಆ ದಿನ ಅವರಿಗೆ ಹೇಳಬೇಕಾಗಿದ್ದನ್ನೆಲ್ಲ ಸರಿಯಾಗಿ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಂದು ಕ್ಯಾಲೆಂಡರ್ ಇರುತ್ತದೆ. ಇದನ್ನು ಓದಿ ಅದರ ಮೇಲಿನ ನಂಬರುಗಳನ್ನು ಒಮ್ಮೆ ನೋಡಿ.

ಮೊದಲು: ನಂಬರಿನ ತಲೆ ಓದುವುದನ್ನು ಕಲಿಯಿರಿ

ನಮ್ಮ ದೇಶದ ಮಾಮೂಲಿ ನಂಬರ್ ಯಾವುದೇ ಇರಲಿ, ಅದು ಹತ್ತು ಅಂಕಿಯದ್ದು. ಮೊಬೈಲ್ ಆದರೆ 6, 7, 8 ಅಥವಾ 9ರಿಂದ ಶುರು. ಲ್ಯಾಂಡ್‌ಲೈನ್ ಕೂಡ ಹತ್ತೇ ಅಂಕಿ, ಆದರೆ ಅದು ಎರಡು ತುಂಡಾಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಬೆಂಗಳೂರಿನ ಎಸ್‌ಟಿಡಿ ಕೋಡ್ 080. ಮುಂದಿನ ಸೊನ್ನೆ ತೆಗೆದರೆ ಎರಡು ಅಂಕಿ, ಆಮೇಲೆ ಎಂಟಂಕಿಯ ನಂಬರ್. ಮೈಸೂರು 0821, ಮಂಗಳೂರು 0824, ಹುಬ್ಬಳ್ಳಿ-ಧಾರವಾಡ 0836: ಸೊನ್ನೆ ಬಿಟ್ಟರೆ ಮೂರು ಅಂಕಿ, ಆಮೇಲೆ ಏಳು. ಶಿವಮೊಗ್ಗ 08182, ಕಲಬುರಗಿ 08472: ಸೊನ್ನೆ ಬಿಟ್ಟರೆ ನಾಲ್ಕು, ಆಮೇಲೆ ಆರು. ಊರು ದೊಡ್ಡದಾದಷ್ಟೂ ಕೋಡ್ ಚಿಕ್ಕದು. ಹೆಚ್ಚು ಮನೆಗಳಿಗೆ ನಂಬರ್ ಬೇಕಲ್ವಾ, ಅದಕ್ಕೆ.

ಬೆಂಗಳೂರಿನ ವಿಷಯದಲ್ಲಿ ಒಂದು ಗೊಂದಲ ಇದೆ. ಅಲ್ಲಿನ ಲ್ಯಾಂಡ್‌ಲೈನ್‌ನಿಂದ ಕರೆ ಬಂದಾಗ ಮೊಬೈಲ್ ಪರದೆಯಲ್ಲಿ +91 80 ಎಂದು ಕಾಣುತ್ತದೆ. 80ರಿಂದ ಶುರುವಾಗುವ ಮೊಬೈಲ್ ನಂಬರುಗಳೂ ಇವೆ. 80 ಆದಮೇಲೆ 2 ಅಥವಾ 4 ಇದ್ದರೆ ಅದು ಬಹುಮಟ್ಟಿಗೆ ಬೆಂಗಳೂರಿನ ಲ್ಯಾಂಡ್‌ಲೈನ್. ಆಸ್ಪತ್ರೆ, ಕೊರಿಯರ್, ಕಚೇರಿಗಳ ಕರೆ ಹೀಗೇ ಬರುತ್ತವೆ. ಹಾಗೆಯೇ, ಅನಾಮಿಕ ಮಾರಾಟದ ಕರೆಗಳೂ ಹೀಗೇ ಬರುತ್ತವೆ.

ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇಟ್ಟುಕೊಂಡಿರುವವರು ಒಂದು ವಿಷಯ ನೆನಪಿಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವುದೇ ಮೊಬೈಲಿಗೆ ಕರೆ ಮಾಡಬೇಕಾದರೂ ಮುಂದೆ ಸೊನ್ನೆ ಒತ್ತಬೇಕು, ಪಕ್ಕದ ಮನೆಯ ಮೊಬೈಲ್ ಆದರೂ ಸರಿ. ಮುಂದೆ ಬೇಕಾಗುವ ಹೊಸ ಮೊಬೈಲ್ ನಂಬರುಗಳಿಗೆ ಜಾಗ ಮಾಡಲು ದೂರಸಂಪರ್ಕ ಇಲಾಖೆ ಈ ನಿಯಮ ತಂದಿತು. ಮೊಬೈಲಿನಿಂದ ಮೊಬೈಲಿಗೆ ಸೊನ್ನೆ ಬೇಕಿಲ್ಲ. ಮೊಬೈಲಿನಿಂದ ಲ್ಯಾಂಡ್‌ಲೈನ್‌ಗೆ ಮಾಡುವಾಗ ಮಾತ್ರ ಸೊನ್ನೆ ಸಮೇತ ಪೂರ್ತಿ ಎಸ್‌ಟಿಡಿ ಕೋಡ್ ಹಾಕಿ, ನೀವು ಅದೇ ಊರಲ್ಲಿ ಕೂತಿದ್ದರೂ.

1800 ಮತ್ತು 1860: ಹಾಡು ಕೇಳುವ ಮೊದಲು ನೋಡಿ

1800ರಿಂದ ಶುರುವಾಗುವ ನಂಬರ್ ಟೋಲ್ ಫ್ರೀ. ನೀವು ಎಷ್ಟು ಹೊತ್ತು ಮಾತಾಡಿದರೂ ಬಿಲ್ ಆ ಸಂಸ್ಥೆಗೆ ಹೋಗುತ್ತದೆ.

1860 ಹಾಗಲ್ಲ. ದೇಶಕ್ಕೆಲ್ಲ ಒಂದೇ ನಂಬರ್ ಇರಲಿ ಎಂದು ಸಂಸ್ಥೆಗಳು ಅದನ್ನು ಇಟ್ಟುಕೊಳ್ಳುತ್ತವೆ. ಆದರೆ ಲೋಕಲ್ ಕರೆಯ ದುಡ್ಡು ಕೊಡುವುದು ನೀವು. ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿದ್ದೇನೆ, ನನಗೇನು ಎಂದು ಬಿಡಬೇಡಿ. ಪ್ಯಾಕಿನ ಷರತ್ತುಗಳಲ್ಲಿ ವಿಶೇಷ ನಂಬರುಗಳು ಮತ್ತು ಶಾರ್ಟ್ ಕೋಡ್‌ಗಳು ಅನ್‌ಲಿಮಿಟೆಡ್‌ನಿಂದ ಹೊರಗೆ ಎಂಬ ಸಾಲು ಇದೆಯೇ ನೋಡಿ. ಇದ್ದರೆ 1860ಕ್ಕೆ ಮಾಡಿದ ಕರೆಯ ದುಡ್ಡು ಮುಖ್ಯ ಬ್ಯಾಲೆನ್ಸ್‌ನಿಂದ ಹೋಗಬಹುದು. ಚಿಕ್ಕಮ್ಮನಂತೆ ಸುಮ್ನೆ ಟಾಪ್-ಅಪ್ ಹಾಕಿಕೊಂಡು ಬಳಸುವವರಿಗಂತೂ ಕಾಯುವ ಒಂದೊಂದು ನಿಮಿಷಕ್ಕೂ ದುಡ್ಡು.

ಹಾಗಾದರೆ ಏನು ಮಾಡಬೇಕು? ಸಂಸ್ಥೆಯ ಅಧಿಕೃತ ವೆಬ್‌ಸೈಟಿನ ಸಂಪರ್ಕ ಪುಟ ತೆರೆಯಿರಿ. 1860ರ ಜೊತೆಗೆ ಒಂದು 1800 ನಂಬರ್ ಅಥವಾ ವಾಟ್ಸಾಪ್ ನಂಬರ್ ಕೂಡ ಅಲ್ಲಿ ಇರಬಹುದು. ಚಿಕ್ಕಮ್ಮನ ಮಿಕ್ಸಿ ಕಂಪನಿಗೂ ಇತ್ತು. ಡಬ್ಬದ ಮೇಲೆ ಇರಲಿಲ್ಲ, ಒಳಗಿನ ವಾರಂಟಿ ಚೀಟಿಯ ಹಿಂಭಾಗದಲ್ಲಿ ಚಿಕ್ಕ ಅಕ್ಷರದಲ್ಲಿತ್ತು. ಬೂತಕನ್ನಡಿ ಹಿಡಿದು ಓದಿ, ಆ ನಂಬರಿಗೆ ಮಾಡಿದ ಮೇಲೆ ನಾಲ್ಕನೇ ದಿನ ಮೆಕ್ಯಾನಿಕ್ ಬಂದ.

ಇನ್ನೊಂದು ಮಾತು. ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ಮೊದಲು ಕಂಡದ್ದಕ್ಕೆ ಫೋನ್ ಮಾಡಬೇಡಿ. ಮೋಸಗಾರರು ತಮ್ಮ ಮೊಬೈಲ್ ನಂಬರನ್ನು ಬ್ಯಾಂಕಿನ ಹೆಸರಿನಲ್ಲಿ, ಕೊರಿಯರ್ ಕಂಪನಿಯ ಹೆಸರಿನಲ್ಲಿ ಹಾಕಿ ಕಾಯುತ್ತಿರುತ್ತಾರೆ. ಬ್ಯಾಂಕಿನ ನಂಬರ್ ನಿಮ್ಮ ಎಟಿಎಂ ಕಾರ್ಡಿನ ಹಿಂದೆಯೇ ಇದೆ, ಪಾಸ್‌ಬುಕ್ಕಿನಲ್ಲೂ ಇದೆ. ಅಲ್ಲಿಂದಲೇ ತೆಗೆದುಕೊಳ್ಳಿ.

ಗೋಡೆಯ ಮೇಲೆ ಬರೆದಿಡಬೇಕಾದ ಚಿಕ್ಕ ನಂಬರುಗಳು

ಇವನ್ನು ದೊಡ್ಡದಾಗಿ, ಮನೆಯಲ್ಲಿರುವ ಮಕ್ಕಳಿಗೂ ಕಾಣುವ ಎತ್ತರದಲ್ಲಿ ಬರೆಯಿರಿ.

112: ಎಲ್ಲ ತುರ್ತಿಗೂ ಒಂದೇ ನಂಬರ್. ಪೊಲೀಸ್, ಅಗ್ನಿಶಾಮಕ ಎರಡೂ ಇದರಲ್ಲೇ ಸಿಗುತ್ತವೆ.
108: ಆಂಬುಲೆನ್ಸ್. ಕರ್ನಾಟಕದಲ್ಲಿ 2008ರಿಂದ ಇದೆ.
1930: ಆನ್‌ಲೈನ್‌ನಲ್ಲಿ ದುಡ್ಡು ಹೋದರೆ.
1098: ಮಕ್ಕಳ ಸಹಾಯವಾಣಿ.
181: ಮಹಿಳಾ ಸಹಾಯವಾಣಿ.
14567: ಹಿರಿಯ ನಾಗರಿಕರಿಗೆ.
14416: ಮನಸ್ಸಿಗೆ ಕಷ್ಟವಾದಾಗ ಮಾತಾಡಲು, ಟೆಲಿ ಮಾನಸ್.
1912: ಕರೆಂಟ್ ದೂರು.
1915: ಗ್ರಾಹಕರ ಸಹಾಯವಾಣಿ.
1902: ರಾಜ್ಯ ಸರ್ಕಾರದ ಯಾವುದೇ ಇಲಾಖೆಯ ಮೇಲೆ ದೂರು, ಜನಸ್ಪಂದನ.

ಇದರಲ್ಲಿ 1930ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಖಾತೆಯಿಂದ ದುಡ್ಡು ಹೋಯಿತು ಎಂದು ಗೊತ್ತಾದ ಕೂಡಲೇ ಈ ನಂಬರಿಗೆ ಮಾಡಿ. ನಾಳೆ ಬ್ಯಾಂಕ್ ತೆರೆದ ಮೇಲೆ ನೋಡೋಣ ಎಂದು ಕೂರಬೇಡಿ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಬೇಗ ಹೇಳಿದರೆ ನಡುವೆ ಯಾವುದಾದರೂ ಖಾತೆಯಲ್ಲಿ ತಡೆಹಿಡಿಯಬಹುದು. ಫೋನ್ ಮಾಡುವಾಗ ವಹಿವಾಟಿನ ನಂಬರ್, ಸಮಯ, ಮೊತ್ತ, ನಿಮ್ಮ ಬ್ಯಾಂಕಿನ ಹೆಸರು ಎದುರಿಗೆ ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಇವೇ ಮರೆತುಹೋಗುವುದು.

ಕೀಪ್ಯಾಡ್ ಫೋನ್ ಇರುವವರಿಗೊಂದು ವಿಷಯ. ತುರ್ತು ಕರೆಗೆ ಫೋನಿನಲ್ಲೇ ಪ್ಯಾನಿಕ್ ಬಟನ್ ಇರಬೇಕು ಎಂದು 2016ರಲ್ಲಿ ಸರ್ಕಾರ ನಿಯಮ ಮಾಡಿತು. ಅದರ ಪ್ರಕಾರ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ನಿಮ್ಮ ಫೋನಿನಲ್ಲಿ ಈ ಸೌಲಭ್ಯ ಎಲ್ಲಿದೆ ಎಂದು ಕೊಂಡ ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಿ. ಸುಮ್ನೆ ಪರೀಕ್ಷೆ ಮಾಡಲು ಮಾತ್ರ ಒತ್ತಬೇಡಿ, ಆ ಕಡೆ ಯಾರೋ ನಿಜವಾದ ಕಷ್ಟದಲ್ಲಿರುವವರು ಸಾಲಿನಲ್ಲಿರಬಹುದು.

ಫೋನ್ ರಿಂಗ್ ಆದಾಗ: 140, 1600 ಮತ್ತು ಮಾಮೂಲಿ ನಂಬರ್

ಟ್ರಾಯ್ ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. 1997ರಲ್ಲಿ ಶುರುವಾದ ಸಂಸ್ಥೆ ಇದು. ಮಾರಾಟದ ಕರೆಗಳಿಗೂ ಸೇವೆಯ ಕರೆಗಳಿಗೂ ಈಗ ಬೇರೆ ಬೇರೆ ಸರಣಿಗಳಿವೆ.

140ರಿಂದ ಶುರುವಾದರೆ ಅದು ಜಾಹೀರಾತಿನ ಕರೆ. ಸಾಲ ಬೇಕಾ, ಸೈಟ್ ಬೇಕಾ, ಪಾಲಿಸಿ ಬೇಕಾ, ಇಂಥದ್ದು. ಎತ್ತದಿದ್ದರೆ ನಷ್ಟವಿಲ್ಲ.

1600ರಿಂದ ಶುರುವಾದರೆ ಅದು ಬ್ಯಾಂಕ್, ವಿಮೆಯಂಥ ಹಣಕಾಸು ಸಂಸ್ಥೆಯ ಅಥವಾ ಸರ್ಕಾರದ ಸೇವಾ ಕರೆ. ನಿಮ್ಮ ಖಾತೆಯ ವಹಿವಾಟು, ಪಾಲಿಸಿಯ ಕಂತು ಇಂಥ ಕೆಲಸಕ್ಕೆ. ಬ್ಯಾಂಕುಗಳು ಮಾರಾಟಕ್ಕೆ 140, ಸೇವೆಗೆ 1600 ಬಳಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಟ್ರಾಯ್ ಗಡುವು ಹಾಕಿತು. ವಾಣಿಜ್ಯ ಬ್ಯಾಂಕುಗಳಿಗೆ 2026ರ ಜನವರಿ 1 ಕೊನೆಯ ದಿನ. ಉಳಿದ ಹಣಕಾಸು ಸಂಸ್ಥೆಗಳಿಗೆ ಆನಂತರದ ದಿನಾಂಕಗಳು.

ಇದರಿಂದ ನಮಗೆ ಆಗುವ ಉಪಕಾರ ದೊಡ್ಡದು. ಒಂದು ಮಾಮೂಲಿ ಮೊಬೈಲ್ ನಂಬರಿನಿಂದ "ಬ್ಯಾಂಕಿನಿಂದ ಮಾತಾಡ್ತಿದೀವಿ ಸರ್, ನಿಮ್ಮ ಕೆವೈಸಿ ಅವಧಿ ಮುಗಿದಿದೆ" ಎಂದು ಯಾರಾದರೂ ಶುರು ಮಾಡಿದರೆ, ಮುಂದೆ ಕೇಳುವ ಅಗತ್ಯವೇ ಇಲ್ಲ. ಕಟ್ ಮಾಡಿ. ಅನುಮಾನ ಉಳಿದರೆ ಕಾರ್ಡಿನ ಹಿಂದಿನ ನಂಬರಿಗೆ ನೀವೇ ಕರೆ ಮಾಡಿ ಕೇಳಿ. 1600ರಿಂದಲೇ ಕರೆ ಬಂದರೂ ಒಟಿಪಿ, ಪಿನ್ ಹೇಳುವಂತಿಲ್ಲ. ಅದನ್ನು ಕೇಳುವ ಕೆಲಸ ಯಾವ ಬ್ಯಾಂಕಿಗೂ ಇಲ್ಲ.

ಮೆಸೇಜುಗಳಿಗೂ ಹೀಗೇ ಗುರುತು ಬಂದಿದೆ. ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಗೆರೆ, ಆಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಪಿ' ಇದ್ದರೆ ಜಾಹೀರಾತು, 'ಎಸ್' ಇದ್ದರೆ ಸೇವೆ, 'ಟಿ' ಇದ್ದರೆ ವಹಿವಾಟು, 'ಜಿ' ಇದ್ದರೆ ಸರ್ಕಾರದ್ದು. ನಿಮ್ಮ ಒಟಿಪಿ ಬಂದ ಮೆಸೇಜನ್ನು ಈಗಲೇ ತೆರೆದು ನೋಡಿ, ಕೊನೆಯಲ್ಲಿ 'ಟಿ' ಇರುತ್ತದೆ. ಹತ್ತಂಕಿಯ ಮಾಮೂಲಿ ನಂಬರಿನಿಂದ "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ಅಧಿಕಾರಿಗೆ ಫೋನ್ ಮಾಡಿ" ಎಂದು ಬಂದರೆ ಅದು ಮೋಸವೇ. ಫೋನ್ ಮಾಡಬೇಡಿ.

ಟ್ರಾಯ್ ಹೆಸರಿನಲ್ಲೇ ಕರೆ ಬರುತ್ತದೆ ಎಂಬುದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. "ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗಲಿದೆ, 9 ಒತ್ತಿ" ಎನ್ನುವ ಧ್ವನಿಮುದ್ರಣ. 9 ಒತ್ತಿದರೆ ಒಬ್ಬ 'ಅಧಿಕಾರಿ', ಆಮೇಲೆ ಒಬ್ಬ 'ಪೊಲೀಸ್'. ನಂಬರ್ ಬಂದ್ ಮಾಡುತ್ತೇವೆ ಎಂದು ಟ್ರಾಯ್ ಯಾರಿಗೂ ಕರೆ ಮಾಡುವುದಿಲ್ಲ. ಇದನ್ನು ಮನೆಯ ಹಿರಿಯರಿಗೆ ಎರಡು ಸಲ ಹೇಳಿ. ಅವರು ಒಬ್ಬರೇ ಇರುವ ಹೊತ್ತಿನಲ್ಲೇ ಇಂಥ ಕರೆ ಬಂದರೆ, ಕಟ್ ಮಾಡಿ ನನಗೆ ಮಾಡು ಎಂದು ಹೇಳಿಡಿ.

ಮಾರಾಟದ ಕರೆ ನಿಲ್ಲಿಸುವ ಕ್ರಮ

ಮೆಸೇಜ್ ಬರೆಯುವಲ್ಲಿ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ 'ಸ್ಟಾರ್ಟ್' ಎಂದು ಬರೆದು, ಒಂದು ಜಾಗ ಬಿಟ್ಟು 0 ಹಾಕಿ 1909ಕ್ಕೆ ಕಳಿಸಿ. ಅಥವಾ 1909ಕ್ಕೆ ಕರೆಯನ್ನೇ ಮಾಡಿ. ಇದು ಉಚಿತ. ಸೊನ್ನೆ ಎಂದರೆ ಎಲ್ಲ ಬಗೆಯ ಜಾಹೀರಾತೂ ಬೇಡ ಎಂದು. ಬ್ಯಾಂಕಿನ ಒಟಿಪಿ, ರೈಲು ಟಿಕೆಟ್ ಮೆಸೇಜ್ ಇವೆಲ್ಲ ಎಂದಿನಂತೆ ಬರುತ್ತವೆ, ಅದಕ್ಕೆ ಹೆದರಬೇಕಿಲ್ಲ.

ಇಷ್ಟು ಮಾಡಿದ ಮೇಲೂ ಮಾಮೂಲಿ ಮೊಬೈಲ್ ನಂಬರುಗಳಿಂದ ಕರೆ ಬರುತ್ತವಲ್ವಾ? ಅವರು ನೋಂದಣಿ ಮಾಡಿಸದ ಮಾರಾಟಗಾರರು. ಅಂಥ ಕರೆ ಬಂದರೆ ಏಳು ದಿನದೊಳಗೆ 1909ಕ್ಕೆ ದೂರು ಕೊಡಿ. ಬಂದ ನಂಬರ್, ತಾರೀಖು, ಏನು ಹೇಳಿದರು ಎಂಬುದು ಇದ್ದರೆ ಸಾಕು. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಿಂದಲೂ ಆಗುತ್ತದೆ. ಮೊದಲು ದೂರಿಗೆ ಮೂರೇ ದಿನ ಇತ್ತು. 2025ರ ಫೆಬ್ರವರಿಯಲ್ಲಿ ನಿಯಮ ತಿದ್ದಿದಾಗ ಏಳಕ್ಕೆ ಏರಿತು. ಅದೇ ತಿದ್ದುಪಡಿಯಲ್ಲಿ ಇನ್ನೂ ಒಂದು ಒಳ್ಳೆಯದಾಯಿತು: ಹತ್ತು ದಿನದಲ್ಲಿ ಐದು ದೂರು ಬಂದರೆ ಕ್ರಮ ಶುರುವಾಗುತ್ತದೆ. ಮೊದಲ ತಪ್ಪಿಗೆ ಹದಿನೈದು ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಸಂಪರ್ಕವೂ ಕಟ್.

ಐದೇ ದೂರು ಸಾಕು ಎಂದ ಮೇಲೆ ನಮ್ಮ ಒಂದು ದೂರಿಗೂ ಬೆಲೆ ಇದೆ. ಬೈದು ಬ್ಲಾಕ್ ಮಾಡಿದರೆ ನಮಗೊಬ್ಬರಿಗೆ ನೆಮ್ಮದಿ. ದೂರು ಕೊಟ್ಟರೆ ಅವರು ಮುಂದೆ ಕರೆ ಮಾಡಲಿರುವವರಿಗೂ ನೆಮ್ಮದಿ. ನಾನು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಆ ವಾರದ ಕರೆಗಳನ್ನೆಲ್ಲ ನೋಡಿ ಒಟ್ಟಿಗೆ ದೂರು ಕೊಡುತ್ತೇನೆ. ಐದು ನಿಮಿಷದ ಕೆಲಸ.

ಮೋಸದ ಕರೆ ಆದರೆ, ಇನ್ನೂ ದುಡ್ಡು ಹೋಗಿಲ್ಲ ಎಂದರೆ, ದೂರು ಕೊಡುವ ಜಾಗ ಬೇರೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ 'ಚಕ್ಷು' ಎಂಬ ಭಾಗ ಇದೆ, ಅಲ್ಲಿ ಹಾಕಿ. ಅಲ್ಲಿಗೆ ಹೋದಾಗಲೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಿಬಿಡಿ. ಕರ್ನಾಟಕದಲ್ಲಿ ಒಬ್ಬರಿಗೆ ಒಂಬತ್ತು ಸಿಮ್ ಮಿತಿ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ 'ನನ್ನದಲ್ಲ' ಎಂದು ಗುರುತು ಮಾಡಬಹುದು.

ಪ್ಲಸ್ ಗುರುತಿನ ನಂಬರುಗಳು

ನಮ್ಮ ದೇಶದ ಕೋಡ್ +91. ಗಲ್ಫಿನಲ್ಲಿ ದುಡಿಯುವವರು ಇರುವ ಕರಾವಳಿಯ ಮನೆಗಳಲ್ಲಿ ಉಳಿದವೂ ಬಾಯಿಪಾಠ: ದುಬೈ ಕಡೆಯದ್ದು 971, ಸೌದಿ 966, ಕುವೈತ್ 965, ಕತಾರ್ 974, ಒಮಾನ್ 968, ಬಹರೇನ್ 973. ಮನೆಯವರ ಕರೆ ಯಾವ ಕೋಡಿನಿಂದ ಬರುತ್ತದೆ ಎಂದು ಗೊತ್ತಿದ್ದರೆ ಉಳಿದವುಗಳ ಬಗ್ಗೆ ಎಚ್ಚರ ಇರುವುದು ಸುಲಭ.

ಗೊತ್ತಿಲ್ಲದ ದೇಶದಿಂದ ಒಂದೇ ರಿಂಗ್ ಆಗಿ ಕಟ್ ಆದರೆ ತಿರುಗಿ ಕರೆ ಮಾಡಬೇಡಿ. ಅದು ಹಳೆಯ ತಂತ್ರ. ಏನೋ ಇರಬೇಕು ಎಂದು ನಾವು ಮಾಡುವ ಕರೆ ದುಬಾರಿ ನಂಬರಿಗೆ ಹೋಗುತ್ತದೆ, ಅದರಲ್ಲಿ ಒಂದು ಪಾಲು ಅವರ ಜೇಬಿಗೆ. ಅನ್‌ಲಿಮಿಟೆಡ್ ಪ್ಯಾಕ್ ಇರುವುದು ದೇಶದೊಳಗಿನ ಕರೆಗೆ. +1 ಎಂದ ಕೂಡಲೇ ಅಮೆರಿಕದಲ್ಲಿರುವ ಮಗನೇ ಎಂದುಕೊಳ್ಳಬೇಡಿ. ಕೆನಡಾ, ಜಮೈಕಾ, ಗ್ರೆನಡಾದಂಥ ದೇಶಗಳೂ ಅದೇ +1ರ ಅಡಿಯಲ್ಲಿವೆ. ಮನೆಯಲ್ಲಿ ಯಾರೂ ವಿದೇಶಕ್ಕೆ ನೇರ ಕರೆ ಮಾಡುವುದಿಲ್ಲ ಎಂದಾದರೆ ಐಎಸ್‌ಡಿ ಸೌಲಭ್ಯ ನಿಲ್ಲಿಸುವಂತೆ ಕಂಪನಿಗೆ ಹೇಳಿ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಇಲ್ಲಿ ಒಂದು ಮಾತಿದೆ. ಅಮೆರಿಕದ 1-800 ಮತ್ತು ನಮ್ಮ 1800 ನೋಡಲು ಒಂದೇ ಥರ, ಆದರೆ ಸಂಬಂಧ ಇಲ್ಲ. ಅಲ್ಲಿಯದರಲ್ಲಿ 1 ದೇಶದ ಕೋಡ್, 800 ಟೋಲ್ ಫ್ರೀ ಕೋಡ್. ಇಲ್ಲಿಂದ ಅದಕ್ಕೆ ಮಾಡಿದರೆ ಐಎಸ್‌ಡಿ ದರ ಬೀಳಬಹುದು. ನಮ್ಮ 1800 ನಂಬರುಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಅದಕ್ಕೇ ಬ್ಯಾಂಕುಗಳು ವಿದೇಶದಲ್ಲಿರುವವರಿಗೆಂದು +91 80 ಅಥವಾ +91 22ರಿಂದ ಶುರುವಾಗುವ ಬೇರೆ ನಂಬರ್ ಕೊಡುವುದು. ವಿಮಾನ ಹತ್ತುವ ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ಕಾರ್ಡ್ ಕಳೆದುಹೋದಾಗ ಹುಡುಕುವುದು ಕಷ್ಟ.

ಕೆಲವೊಮ್ಮೆ ವಿದೇಶದ ಮೋಸದ ಕರೆ ನಮ್ಮದೇ ಹತ್ತಂಕಿ ನಂಬರಿನ ವೇಷ ಹಾಕಿ ಬರುತ್ತದೆ. ಇಂಥವನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆಯನ್ನು ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆ ತಡೆದಿದ್ದಾಗಿ ಅದು ಹೇಳಿತು. ತಪ್ಪಿಸಿಕೊಂಡು ಬಂದದ್ದು ಕಂಡರೆ ಅದನ್ನೂ ಸಂಚಾರ್ ಸಾಥಿಯಲ್ಲೇ ತಿಳಿಸಬಹುದು.

ದರ ಯಾರು ಇಡುತ್ತಾರೆ?

ನಮ್ಮ ಪೇಟೆಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇತ್ತು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿಗಳು ಏರುತ್ತಾ ಹೋಗುವುದನ್ನು ನೋಡುತ್ತಲೇ ಅಪ್ಪ ಮುಂಬೈನ ದೊಡ್ಡಪ್ಪನ ಜೊತೆ ಮಾತಾಡುತ್ತಿದ್ದರು. ದೂರ ಹೆಚ್ಚಿದಷ್ಟೂ ದರ ಹೆಚ್ಚು, ರಾತ್ರಿಯಾದಂತೆ ಕಡಿಮೆ. ಅದಕ್ಕೇ ಊಟ ಮುಗಿಸಿ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆವು. 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋದ ಕಾಲದಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು, ಬಂದ ಕರೆ ಎತ್ತಿದರೂ ದುಡ್ಡು. 2003ರ ಮೇಯಿಂದ ಬರುವ ಕರೆ ಉಚಿತವಾಯಿತು. ಒಂದು ಕಂಪನಿ ಇನ್ನೊಂದಕ್ಕೆ ಕರೆಗೆ ಕೊಡಬೇಕಿದ್ದ ಶುಲ್ಕ 2021ರ ಜನವರಿ 1ರಿಂದ ಸೊನ್ನೆಯಾಯಿತು. ಹಾಗಾಗಿ ಈಗ ಸಾಗರದಿಂದ ಸೊರಬಕ್ಕೆ ಮಾಡಿದರೂ ಶ್ರೀನಗರಕ್ಕೆ ಮಾಡಿದರೂ ಪ್ಯಾಕಿನಲ್ಲಿ ಒಂದೇ.

ಪ್ಯಾಕಿನ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಬೆಲೆ ಇಡುವುದು ಕಂಪನಿ, ಇಟ್ಟದ್ದನ್ನು ಟ್ರಾಯ್‌ಗೆ ವರದಿ ಮಾಡಬೇಕು. ಆದರೆ ಟ್ರಾಯ್ ಕೆಲವು ಬಾಗಿಲು ತೆರೆಸಿದೆ, ಅವು ಗೊತ್ತಿರಲಿ. ಇಂಟರ್‌ನೆಟ್ ಬೇಡವೇ ಬೇಡ ಎನ್ನುವವರಿಗೆ ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್ ಇರಲೇಬೇಕು ಎಂದು 2024ರ ಡಿಸೆಂಬರ್‌ನಲ್ಲಿ ನಿಯಮ ಬಂತು. ಇಂಥ ವಿಶೇಷ ವೋಚರುಗಳ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳದೇ ಇರಬಹುದು, ನೀವೇ ಕೇಳಬೇಕು. 28 ದಿನದ ಲೆಕ್ಕ ಬೇಡ ಎನ್ನುವವರು 30 ದಿನದ್ದು ಅಥವಾ ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬರುವ ಪ್ಯಾಕ್ ಕೇಳಿ. ಪ್ರತಿ ಕಂಪನಿಯೂ ಇಂಥ ಒಂದಾದರೂ ಇಟ್ಟಿರಬೇಕು ಎಂದು 2022ರಲ್ಲೇ ಆದೇಶ ಆಗಿದೆ.

ಚಿಕ್ಕಮ್ಮನಿಗೆ ನಾನು ಮಾಡಿಸಿದ್ದೂ ಇದನ್ನೇ. ಬರೀ ಮಾತಿನ ಪ್ಯಾಕ್.

ದುಡ್ಡು ಸುಮ್ಮನೆ ಹೋಗುತ್ತಿದ್ದರೆ

ಮೊದಲು ಯಾವುದಾದರೂ ಹೆಚ್ಚುವರಿ ಸೇವೆ ಹತ್ತಿಕೊಂಡಿದೆಯೇ ನೋಡಿ. ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್, ಹೀಗೆ. 155223ಕ್ಕೆ ಕರೆ ಮಾಡಿದರೆ ಅವನ್ನು ನಿಲ್ಲಿಸಬಹುದು, ಈ ಕರೆ ಉಚಿತ. ನಿಮ್ಮ ಒಪ್ಪಿಗೆಯನ್ನು ಎರಡು ಸಲ ಕೇಳದೆ ಇಂಥ ಸೇವೆ ಶುರು ಮಾಡುವಂತಿಲ್ಲ ಎಂಬುದು ಟ್ರಾಯ್ ನಿಯಮ.

ಜೊತೆಗೆ *#21# ಒತ್ತಿ ನೋಡಿ. ನಿಮ್ಮ ಕರೆಗಳು ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿವೆಯೇ ಎಂದು ತೋರಿಸುತ್ತದೆ. ಆಗುತ್ತಿದ್ದರೆ ##002# ಒತ್ತಿದರೆ ರದ್ದು. ಕೊರಿಯರ್ ಹುಡುಗನ ಹೆಸರಿನಲ್ಲಿ ಯಾರಾದರೂ *401* ಎಂದು ಶುರುವಾಗುವ ಸಂಖ್ಯೆ ಒತ್ತಲು ಹೇಳಿದರೆ ಒತ್ತಲೇಬೇಡಿ. ಅದು ನಿಮ್ಮ ಕರೆಗಳನ್ನೆಲ್ಲ ಕಳ್ಳನ ಫೋನಿಗೆ ತಿರುಗಿಸುವ ಕೋಡ್. ಆಮೇಲೆ ಒಟಿಪಿ ಹೇಳುವ ಕರೆಯೂ ಅವನಿಗೇ ಹೋಗುತ್ತದೆ.

ಕಂಪನಿಯ ಮೇಲೇ ದೂರು ಇದ್ದರೆ 198ಕ್ಕೆ ಮಾಡಿ. ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ, ಅದಿಲ್ಲದೆ ಫೋನ್ ಇಡಬೇಡಿ. ಮುಂದಿನ ಎಲ್ಲ ಹೆಜ್ಜೆಗೂ ಅದೇ ಆಧಾರ. ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಿರಿ. ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ಅದಕ್ಕೆ ದುಡ್ಡಿಲ್ಲ. ಟ್ರಾಯ್‌ಗೆ ನೇರವಾಗಿ ಬರೆದರೆ ಪ್ರಯೋಜನ ಇಲ್ಲ. ಒಬ್ಬೊಬ್ಬರ ದೂರನ್ನು ವಿಚಾರಿಸುವ ಅಧಿಕಾರ ಅದಕ್ಕಿಲ್ಲ, ಬಂದದ್ದನ್ನು ಕಂಪನಿಗೇ ಕಳಿಸುತ್ತದೆ. ಮೇಲ್ಮನವಿಯಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಕುಂದುಕೊರತೆ ಪೋರ್ಟಲ್ ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ಫೋನ್ ಕಂಪನಿಗಳ ವಿರುದ್ಧ ಗ್ರಾಹಕರು ಅಲ್ಲಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟ ಮಾಡಿದೆ.

ಕಂಪನಿಯನ್ನೇ ಬದಲಾಯಿಸಬೇಕು ಎನಿಸಿದರೆ ನಂಬರ್ ಬಿಡಬೇಕಿಲ್ಲ. ಇಂಗ್ಲಿಷಿನಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿ. ಎಂಟಕ್ಷರದ ಕೋಡ್ ಬರುತ್ತದೆ, ನಾಲ್ಕು ದಿನ ಚಾಲ್ತಿ. ಸಿಮ್ ಬದಲಿಸಿ ಏಳು ದಿನ ಆಗಿರದಿದ್ದರೆ ಕೋಡ್ ಕೊಡುವುದಿಲ್ಲ. ಕಳ್ಳರು ನಿಮ್ಮ ನಂಬರ್ ಹಾರಿಸಬಾರದು ಎಂದು 2024ರ ಜುಲೈನಿಂದ ಈ ತಡೆ ಇದೆ.

ಕೊನೆಯದಾಗಿ, ಹಳೇ ನಂಬರ್

ಎರಡನೇ ಸಿಮ್ ಒಂದನ್ನು ಡ್ರಾಯರಿನಲ್ಲಿ ಹಾಕಿ ಮರೆತಿದ್ದೀರಾ? ಪ್ರೀಪೇಯ್ಡ್ ನಂಬರನ್ನು 90 ದಿನ ಏನಕ್ಕೂ ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ನಿಂತ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಅದು ಬೇರೆಯವರ ಕೈಗೆ ಹೋಗುತ್ತದೆ. ಆ ನಂಬರ್ ಇನ್ನೂ ನಿಮ್ಮ ಬ್ಯಾಂಕ್ ಖಾತೆಗೋ ಆಧಾರ್‌ಗೋ ಜೋಡಿಸಿಕೊಂಡೇ ಇದ್ದರೆ ನಿಮ್ಮ ಒಟಿಪಿ ಅವರ ಫೋನಿಗೆ. ಆದ್ದರಿಂದ ನಂಬರ್ ಬಿಡುವ ಮೊದಲು ಬ್ಯಾಂಕ್, ಆಧಾರ್, ಗ್ಯಾಸ್, ಎಲ್‌ಐಸಿ, ವಾಟ್ಸಾಪ್, ಮಕ್ಕಳ ಶಾಲೆ, ಎಲ್ಲ ಕಡೆ ಹೊಸ ನಂಬರ್ ಹಾಕಿಸಿ. ಆಧಾರ್‌ಗೆ ಸಂಬಂಧಿಸಿದ್ದನ್ನು ಕೇಳಲು 1947 ಇದೆ.

ಯುಗಾದಿಗೆ ಚಿಕ್ಕಮ್ಮನ ಮನೆಗೆ ಹೋದಾಗ ಹಳೇ ಕ್ಯಾಲೆಂಡರಿನ ನಂಬರುಗಳನ್ನೆಲ್ಲ ಹೊಸದಕ್ಕೆ ಇಳಿಸಿಕೊಟ್ಟೆ. 1860 ಇದ್ದಲ್ಲೆಲ್ಲ ಪಕ್ಕದಲ್ಲಿ ಅವರೇ ಕೆಂಪು ಪೆನ್ನಿನಲ್ಲಿ 'ದುಡ್ಡು' ಎಂದು ಬರೆದರು. 1930ಕ್ಕೆ ಒಂದು ಚೌಕ ಹಾಕಿ, "ಇದು ಪಕ್ಕದ್ಮನೆ ಅಜ್ಜನಿಗೂ ಬೇಕು, ಅವರ ಕ್ಯಾಲೆಂಡರಿಗೂ ಬರ್ಕೊಟ್ಟು ಬಾ" ಎಂದು ನನ್ನನ್ನು ಕಳಿಸಿದರು.